ನಾಲ್ಕು ಡಿಗ್ರಿ

ಅಡಿಗೆ ಮಲಗಿ ಬೆರಳಿಂದ ತಟ್ಟಿದೆ,
ತಗಡು ಟಣ್ ಅಂತು.
ಹನ್ನೊಂದು ವರ್ಷದ ಡೀಸೆಲ್ ಜೀಪು, ಚಿಟಿಕೆ ತುಕ್ಕಿಲ್ಲ.
"ಕಣ್ಣು ಮುಚ್ಚಿ ತಗೊಳ್ಳಿ ಮೇಡಂ, ನಮ್ಮ ದುರ್ಗದಲ್ಲಿ
ತುಕ್ಕಿಗೂ ನೀರು ಸಿಗಲ್ಲ."

ಬೋರಮ್ಮ ನಗಲಿಲ್ಲ. ಚಳ್ಳಕೆರೆ ಕಡೆಯವರು,
ಈಗ ಕೇಲಾಂಗಿನಲ್ಲಿ
ಹಿಮ ಸರಿಸಿ ರಸ್ತೆ ಹುಡುಕುವ ಕೆಲಸ.
ಅಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರಂತೆ,
ಮೂರು ಚಳಿಗಾಲಕ್ಕೆ ಗಾಡಿಯ ಹೊಟ್ಟೆ ಹಪ್ಪಳವಂತೆ.
ಅದಕ್ಕೇ ಮೂರು ರೈಲು ಬದಲಿಸಿ
ಬಿಸಿಲಲ್ಲಿ ಬೆಳೆದ ತಗಡು ಹುಡುಕಿ ಬಂದಿದ್ದರು.

ಬಿಸಿಲು ಪುಕ್ಕಟೆ ಏನನ್ನೂ ಕಾಯುವುದಿಲ್ಲ.
ಡ್ಯಾಶ್‌ಬೋರ್ಡು ಬತ್ತಿದ ಕೆರೆಯಂಗಳ,
ಬಾಗಿಲ ರಬ್ಬರು ಮುರಿದರೆ ಚಕ್ಕುಲಿ.
ಮಾರುವ ಕೋರ್ಟ್ ಗುಮಾಸ್ತ ಪಾಲಯ್ಯ
ಹೀಟರಿನ ತಿರುಗಣೆ ಒಮ್ಮೆಯೂ ಮುಟ್ಟಿದವನಲ್ಲ.
ತಿರುಗಿಸಿದೆ. ಒಂದು ಸತ್ತ ಜಿರಲೆ,
ಆಮೇಲೆ ಕೆಂಪು ಧೂಳು,
ಆಮೇಲೆ ಒಲೆಬಾಯಿಯಂಥ ಗಾಳಿ.
ಮೇ ತಿಂಗಳ ಮಧ್ಯಾಹ್ನ, ಗಾಜು ಏರಿಸಿ,
ಮೂರೂ ಜನ ಬೆವರುತ್ತ ಕೂತು ಹೀಟರ್ ಪರೀಕ್ಷಿಸಿದೆವು.
ಟೀ ಅಂಗಡಿಯ ಹುಡುಗ ಗಾಜಿಗೆ ಮೂಗೊತ್ತಿ ನೋಡಿದ,
ನಮಗೇನಾಗಿದೆ ಎಂದು.

ಅವರು ಚೀಟಿ ಕೊಟ್ಟರು:
ತೆಳು ಆಯಿಲ್. ಕೂಲಂಟ್ ಅರ್ಧಕ್ಕರ್ಧ. ದೊಡ್ಡ ಬ್ಯಾಟರಿ.
ನಾನು ಮೂವತ್ತು ವರ್ಷ ರೇಡಿಯೇಟರಿಗೆ
ಬೋರ್‌ವೆಲ್ ನೀರು ಹೊಯ್ದವನು.
ಕುದಿಯುವ ಇಂಜಿನ್ನು ಗೊತ್ತು,
ಬಾನೆಟ್ಟೆತ್ತಿ, ಒದ್ದೆ ಗೋಣಿ ಹೊದಿಸಿ
ಮಗುವಿನ ಜ್ವರ ಇಳಿಸಿದ ಹಾಗೆ ಇಳಿಸುವುದು ಗೊತ್ತು.
ಡೀಸೆಲ್ಲು ಅಲ್ಲಿ ಮೇಣವಾಗುತ್ತದೆ ಅಂದರು.
ತಲೆಯಾಡಿಸಿದೆ, ಜಿನ್ನಿನ ಕತೆ ಕೇಳಿದವನಂತೆ.

ಆ ರಾತ್ರಿ ತಾರಸಿಯ ಮೇಲೆ ಮಲಗಿದ್ದೆ.
ಕೋಟೆಯ ಬಂಡೆಗಳು ಹಗಲಿನ ಕಾವು ಬಿಡುತ್ತಿದ್ದವು.
ಜೋಗಿಮಟ್ಟಿಯಿಂದ ಒಂದು ಎಳೆ ಗಾಳಿಯಿಲ್ಲ.
ಹಿಮ ಕಾಣದ ನಾನು
ಹಿಮಕ್ಕೆ ಗಾಡಿ ಸಜ್ಜಾಗಿದೆ ಎಂದು
ಯಾವ ಬಾಯಲ್ಲಿ ಹೇಳಲಿ?

ಕೊಟ್ರಬಸಪ್ಪನ ಕೋಲ್ಡ್ ಸ್ಟೋರೇಜು ನೆನಪಾಯಿತು.
"ದಸ್ತಗೀರಾ, ನಿಂಗೆ ಬಿಸಿಲು ತಲೆಗೇರೈತೆ" ಅಂದ,
ಆದರೂ ಬಾಗಿಲು ತೆಗೆದ. ಒಂದು ರಾತ್ರಿಯ ಬಾಡಿಗೆ:
ಅವನ ಲಾರಿಯ ಕ್ಲಚ್ಚು.
ಹುಣಸೆ ಮೂಟೆಗಳ ನಡುವೆ ಹಿಮ್ಮುಖವಾಗಿ ಒಳಗೆ ಬಿಟ್ಟೆ.
ಬಾನೆಟ್ಟಿಗೆ ಕಂಬಳಿ ಹೊದಿಸಿ ಹೊರಗೆ ಬಂದವನು
ಇದು ಪರೀಕ್ಷೆ ಎಂದು ನೆನಪಾಗಿ
ವಾಪಸು ಹೋಗಿ ತೆಗೆದೆ.

ಬೆಳಿಗ್ಗೆ ಆರಕ್ಕೆ ಬೋರಮ್ಮ ಕೀಲಿ ತಿರುಗಿಸಿದರು.
ಮೊದಲ ಸಲ ಮುದುಕನ ನರಳಾಟ.
ಎರಡನೇ ಸಲ ಅದೂ ಇಲ್ಲ.
ನನ್ನ ಬಾಯಿಂದ ಹೊಗೆ ಬರುತ್ತಿತ್ತು, ಬೀಡಿಯಿಲ್ಲದೆ.
ಮೂರನೇ ಸಲ
ಗೋದಾಮು ಅದುರಿ, ಕಪ್ಪು ಮೋಡ ಎದ್ದು,
"ನನ್ನ ಹುಣಸೆ, ನನ್ನ ಹುಣಸೆ" ಎಂದು ಕೊಟ್ರಬಸಪ್ಪ ಓಡಿ ಬಂದ.

"ನಾಲ್ಕು ಡಿಗ್ರಿ!" ಅಂದೆ ಎದೆಯುಬ್ಬಿಸಿ.
"ನಾಲ್ಕಾದರೆ ನಾವು ಸ್ವೆಟರ್ ಬಿಚ್ತೀವಿ," ಅಂದರು.
ಆಗ ನಕ್ಕರು, ಮೊದಲ ಬಾರಿ.
ದುಡ್ಡು ಎಣಿಸಿದರು. ಉತ್ತರದ ಕಡೆ ಹೊರಟರು.

ಜನವರಿಯಲ್ಲಿ ಫೋನು.
ಕೆಳಗೆ ಇಪ್ಪತ್ತೆರಡು; ಐದನೇ ಸಲಕ್ಕೆ ಹತ್ತಿಕೊಂಡಿತಂತೆ.
"ಆದ್ರೆ ದಸ್ತಗೀರಣ್ಣ, ಹೀಟರ್ ಹಾಕಿದ್ರೆ
ಗಾಡಿ ತುಂಬ ಹುಣಸೆಹಣ್ಣು.
ಜೊತೆಯ ಹುಡುಗರಿಗೆ ಅದೇನು ವಾಸನೆ ಅಂತ ಗೊತ್ತಾಗ್ತಿಲ್ಲ."

ಜಾಲರಿ ಬಿಚ್ಚಿ ಬಿಸಿನೀರಲ್ಲಿ ತೊಳೆಯಿರಿ,
ಹೋಗುತ್ತೆ, ಅಂದೆ.

ಆ ಕಡೆ ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ಮಾತ್ರ.
"ಬೇಸಿಗೆಗೆ ನೋಡೋಣ," ಅಂದರು.