ಕಳೆ

ಮೊದಲು ಬೇರನ್ನು ಕ್ಷಾರದಲ್ಲಿ ಬೇಯಿಸಬೇಕು,
ಬಣ್ಣ ಬಿಟ್ಟು ಅದು ಗಾಜಿನ ಹುಳುವಾಗುವ ತನಕ.
ಆಮೇಲೆ ಶಾಲೆಯ ಶಾಯಿ ಐದು ಹನಿ, ಅಡುಗೆಯ ವಿನೆಗರ್ ಒಂದು ಬಟ್ಟಲು.
ಇದನ್ನು ಪ್ರಯೋಗಶಾಲೆ ಅನ್ನುವವಳು ನಾನೊಬ್ಬಳೇ.
ಕಬ್ವೆಯ ಉಳಿದವರಿಗೆ ಇದು
ಎನ್‌ಕಾಂಡು ಬೇರಿನ ಸಾರು ಕಾಯಿಸುವ ಶೆಡ್ಡು.

ಕಿಟಕಿಯಾಚೆ ಕರಿಗುಡ್ಡ;
ಗಣಿ ಮುಚ್ಚಿ ಅಗೆದವರು ಹೋದರೂ
ತಾನು ಹೋಗದೆ ಉಳಿದದ್ದು.
ಆಗಸ್ಟಿನ ಗಾಳಿಗೆ ಎದ್ದು ಬಂದು
ಒಣಹಾಕಿದ ಬಟ್ಟೆಯ ಮಡಿಕೆಯಲ್ಲಿ ಕೂರುತ್ತದೆ.
ಸೀಸಕ್ಕೆ ವಾಸನೆಯಿಲ್ಲ.
ಇದ್ದಿದ್ದರೆ ನಾಯಿಯಾದರೂ ಬೊಗಳುತ್ತಿತ್ತು.

ತಮ್ಮನ ಮಗ ಚಿಟಾಲುವಿಗೆ ಒಂಬತ್ತು ವರ್ಷ.
ಹದಿನೇಳರಲ್ಲಿ ಎಂಟು ಕಳೆ ಅಂದರೆ
ನಡುದಾರಿಯಲ್ಲಿ ಎಂಟನ್ನೇ ಕಳೆದುಕೊಳ್ಳುತ್ತಾನೆ.

ಬೂಸ್ಟು ಎಲ್ಲಿಂದ ತಂದೆ ಅಂತ ಕೇಳುತ್ತಾರೆ.
ಆ ಗುಡ್ಡದ ಬುಡದಿಂದಲೇ.
ಏನೂ ಬೆಳೆಯದ ಕಡೆ ಒಂದು ಕಳೆಹುಲ್ಲು
ಹಟಕ್ಕೆ ಬಿದ್ದು ಹಸಿರಾಗಿತ್ತು.
ಬೇರಿಗೆ ಶಾಯಿ ಹಾಕಿ ನೋಡಿದೆ:
ಒಳಗೆಲ್ಲ ನೀಲಿ ನೂಲು,
ನೂಲಿನ ತುದಿಯಲ್ಲಿ ಕವಲೊಡೆದ ಪುಟ್ಟ ಪೊದೆಗಳು,
ಹುಲ್ಲಿನೊಳಗೊಂದು ತೋಪು.

ಕಾಳಿಗೊಂದು ಚಿಟಿಕೆ ಆ ಮಣ್ಣು ಹಾಕಿ
ಅಮ್ಮನ ಹಿತ್ತಲಲ್ಲಿ ಒಂದು ಸಾಲು ಜೋಳ ಬಿತ್ತಿದೆ.
ಪಕ್ಕದ ಸಾಲಿಗೆ ಏನೂ ಇಲ್ಲ.
ನಿಜ ಹೇಳಬೇಕು, ಬರಿಸಾಲೇ ಒಂದು ಗೇಣು ಎತ್ತರ ಬಂತು.
ಅಮ್ಮ ನಕ್ಕಳು: "ನಿನ್ನ ನೂಲು ಗಿಡದ ಸಕ್ಕರೆ ಕುಡಿಯುತ್ತೆ."
ಕುಡಿಯುತ್ತೆ, ಅಮ್ಮಾ.
ಕೂಲಿಯಿಲ್ಲದೆ ಯಾರು ಕಾವಲು ಕಾಯುತ್ತಾರೆ?

ಅದು ಸೀಸವನ್ನು ಅಳಿಸುವುದಿಲ್ಲ.
ತನ್ನ ಮೈಗೆ ಅಂಟಿಸಿಕೊಂಡು, ತೆನೆಗೆ ಏರಗೊಡದೆ,
ಕತ್ತಲಲ್ಲಿ ಹಿಡಿದು ಕೂರುತ್ತದೆ,
ಕೆಟ್ಟ ಸುದ್ದಿಯನ್ನು ಚಿಟೆಂಗೆಯ ಅಂಚಿಗೆ ಗಂಟು ಹಾಕಿ
ಮೊದಲು ಎಲ್ಲರಿಗೂ ಬಡಿಸುವವಳ ಹಾಗೆ.

ಲುಸಾಕಾದಿಂದ ಕಾಗದ ಬಂದಿದೆ.
ನೂಲಿನ ಸಾಲಿನ ಕಾಳಲ್ಲಿ ಸೀಸ ಅರ್ಧಕ್ಕಿಂತ ಕಡಿಮೆ.
ಸೊನ್ನೆಯಲ್ಲ.
ಆ ಸಾಲನ್ನು ಮೂರು ಸಲ ಓದಿದೆ, ಸೊನ್ನೆ ಆಗಲಿಲ್ಲ.

ಸಂಜೆ ಎರಡು ಪಾತ್ರೆಯಲ್ಲಿ ಎನ್‌ಶಿಮಾ ತಿರುವಿದಳು ಅಮ್ಮ.
ಬೆಳೆದದ್ದನ್ನು ಚೆಲ್ಲುವುದುಂಟೇ?
ಚಿಟಾಲು ತುತ್ತು ಮುರಿದು, ಹೆಬ್ಬೆರಳಲ್ಲಿ ಗುಳಿ ಒತ್ತಿ,
ಸೊಪ್ಪಿಗೆ ಅದ್ದುವ ಮುಂಚೆ ಕೇಳಿದ:
"ಇದು ಯಾವ ಸಾಲಿನದು?"
"ನಿನ್ನದು," ಅಂದಳು,
ಇನ್ನೊಂದು ಪಾತ್ರೆಯನ್ನು
ತನ್ನ ಕಡೆಗೆ ಎಳೆದುಕೊಳ್ಳುತ್ತ.