ಅರ್ಧ ಚುಚ್ಚಿದ ಪಿನ್ನು

ದಾದಾಪೀರ್ ಕೊಟ್ಟದ್ದು ರೀಲಿಲ್ಲದ ಕ್ಯಾಸೆಟ್ಟು,
ಹೊಟ್ಟೆ ಖಾಲಿ, ಮೂಲೆಯಿಂದೊಂದು ಕರಿ ಬಾಲ.
"ಬಾಲದ ತುದಿ ಆ ಡಬ್ಬಿಗೆ ಚುಚ್ಚು,
ಕ್ಯಾಸೆಟ್ಟು ಗಾಡಿ ಬಾಯಿಗೆ ಹಾಕು.
ನೂರಿಪ್ಪತ್ತು ಕೊಡು, ಮುಗೀತು."

ಬೆಂಕಿಪೊಟ್ಟಣದಷ್ಟು ಪ್ಲೇಯರು, ಭಾಮೈದ ಬಳಸಿ ಬಿಟ್ಟದ್ದು;
ಒಳಗೆ ನಾನೂರು ಹಾಡು ಅಂತಾನೆ, ಎಣಿಸಿದವರ್ಯಾರು.
ಓಮ್ನಿಯ ಹಿಂದೆಲ್ಲ ಮಂಡಕ್ಕಿ ಚೀಲ
ಸೂರಿನ ತನಕ; ಭಟ್ಟಿಯ ಬಿಸಿ ಇನ್ನೂ ಆರಿಲ್ಲ.
ಪಕ್ಕದ ಸೀಟಲ್ಲಿ ಹಮಾಲಿ ಓಬಳೇಶಿ,
ದಾವಣಗೆರೆಯಿಂದ ದುರ್ಗದವರೆಗೆ
ಮೂರು ಮಾತಾಡಿದರೆ ಹೆಚ್ಚು.

ಆನಗೋಡು ದಾಟಿ ಒತ್ತಿದೆ.
ಮೊದಲು ಕುಂಯ್ ಅಂತ ಒಂದು ಕೊರೆತ,
ಆಕ್ಸಿಲರೇಟರ್ ತುಳಿದಷ್ಟೂ ಏರುವ ಶ್ರುತಿ.
ಆಮೇಲೆ ತಬಲ ಬಂತು, ಕೊಳಲು ಬಂತು,
ಪಿಟೀಲುಗಳ ಹಿಂಡೇ ಬಂತು.
ಹಾಡುವವನು ಮಾತ್ರ ಬರಲಿಲ್ಲ.
ಬಾವಿಯ ತಳದಲ್ಲಿ ಯಾರೋ
ತನ್ನ ಹೆಸರು ಹೇಳಿಕೊಂಡಂತೆ, ಅಷ್ಟೇ.

ಬೈದೆ. ಬಾಲ ತಿರುಚಿದೆ. ಡ್ಯಾಶ್‌ಬೋರ್ಡಿಗೆ ಗುದ್ದಿದೆ.

ಭರಮಸಾಗರದ ಹತ್ತಿರ
ಆ ಖಾಲಿ ಜಾಗಕ್ಕೆ ಸರಿಯಾಗಿ
ಓಬಳೇಶಿ ಬಾಯಿ ತೆರೆದ.
ಚೀಲ ಹೊತ್ತು ಹೊತ್ತು ಅಗಲವಾದ ಕೊರಳು,
ಮೇಲಕ್ಕೆ ಹೋಗಿ ಒಡೆಯಿತು, ಒಡೆದೇ ನಡೆಯಿತು.
ಕಿಟಕಿ ಕಡೆ ಮುಖ, ತೊಡೆಯ ಮೇಲೆ ತಾಳ.
ಹಿಂದಿನ ಮೂಟೆಗಳು
ಅರ್ಧ ದನಿ ಕುಡಿದು ಸುಮ್ಮನೆ ಕೂತವು.

ದುರ್ಗದ ಗುಡ್ಡದ ಗಾಳಿ ಫ್ಯಾನುಗಳು ಕಂಡಾಗ
ನನಗೂ ಕಂಡಿತು:
ಪಿನ್ನು ಅರ್ಧವೇ ಒಳಗೆ ಹೋಗಿತ್ತು.
ಒಂದು ಬೆರಳು ಸಾಕಿತ್ತು, ಟಕ್.

ಬೆರಳನ್ನು ಗೇರಿನ ಮೇಲೆಯೇ ಇಟ್ಟುಕೊಂಡೆ.
"ಮುಂದಿನದು ಬರ್ತದಾ?" ಅಂದೆ.
"ಇಲ್ಲ" ಅಂದವನು
ಎರಡನೇ ಸಾಲಿಂದ ಶುರು ಮಾಡಿದ.