ಲೈನ್ ಮೇಲೆ ಕೆಲಸ

ಊರಿನ ಹೆಸರು ಹೇಳಲ್ಲ.
ಒಂದು ಸಲ ಹೇಳಿ ನೋಡಿದೀನಿ.
ತುಮಕೂರಿಂದ ಹೆಬ್ಬೂರು ಕಡೆ ಹೋಗೋ ಫೀಡರಿನಲ್ಲಿ
ಯಾವುದೋ ಒಂದು ಕಂಬ ಅಂದ್ಕೊಳ್ಳಿ.
ಈ ಕಡೆ ಹುಣಸೆತೋಪು, ಆ ಕಡೆ ಹೊಂಗೆ ಸಾಲು,
ನಡುವೆ ನಮ್ಮ ತಂತಿ.

ಕಾಡುಪಾಪಕ್ಕೆ ಜಿಗಿಯೋಕೆ ಬರಲ್ಲ.
ಕೈಯಿಟ್ಟು, ಹಿಡಿದು, ಯೋಚಿಸಿ, ಆಮೇಲೆ ಕಾಲಿಡುತ್ತೆ,
ಹೊಸ ಸೊಸೆ ಕತ್ತಲಲ್ಲಿ ಅಡುಗೆಮನೆ ಹುಡುಕಿದ ಹಾಗೆ.
ಕೊಂಬೆ ಮುಗಿದ ಕಡೆ ತಂತಿಯೂ ಕೊಂಬೆಯೇ ಅದಕ್ಕೆ.
ಹದಿನೈದು ವರ್ಷದಲ್ಲಿ ನಾನೇ ಇಳಿಸಿದ್ದು ಒಂಬತ್ತು.
ಸುಟ್ಟ ಮೇಲೂ ಬೆರಳು ಬಿಡಿಸೋದು ಕಷ್ಟ,
ಅಷ್ಟು ನಂಬಿ ಹಿಡಿದಿರುತ್ತೆ.

ತಂತಿಗೆ ರಬ್ಬರ್ ಹೊದಿಕೆ ಕೊಡಿ ಅಂತ
ಅರ್ಜಿ ಬರೆದೆ, ಮೂರು.
ಒಂದರ ಬೆನ್ನಿಗೆ ಯಾರೋ ಟೀ ಲೆಕ್ಕ ಬರೆದಿದ್ರು.

ಆಮೇಲೆ ದಾಕ್ಷಾಯಿಣಿ, ನನ್ನ ಮಗಳು, ಪಿಯುಸಿ,
ನಾನು ತೆಗೆದ ನಲವತ್ತು ಸೆಕೆಂಡಿಗೆ
ಯಾವುದೋ ಪಿಟೀಲು ಸೇರಿಸಿ ಹಾಕಿದಳು.
ಊರಿನ ಹೆಸರೂ ಹಾಕಿದಳು, ಹೆಮ್ಮೆಗೆ.
ಬೆಳಗಾಗೋದರೊಳಗೆ ಎರಡು ಲಕ್ಷ ಜನ
ಅಯ್ಯೋ ಅಂದಿದ್ರು.
ನಾಲ್ಕನೇ ದಿನ ಲಾರಿ ಬಂತು, ಹೊದಿಕೆ ಬಂತು,
ಸಾಹೇಬ್ರು ಕಂಬ ಹಿಡಿದು ಫೋಟೋ ತೆಗೆಸ್ಕೊಂಡ್ರು.
ಸುಳ್ಳು ಯಾಕೆ, ನನಗೆ ಕಣ್ಣಲ್ಲಿ ನೀರು ಬಂತು.
ಆರು ಕಂಬಕ್ಕೆ ಸಾಕಾಯ್ತು. ಇರೋದು ಹತ್ತು.

ಐದನೇ ದಿನ ಅಯ್ಯೋ ಅಂದೋರೇ ಬಂದ್ರು.
ಕಾರಲ್ಲಿ, ಬೈಕಲ್ಲಿ, ಟಾರ್ಚು ಹಿಡ್ಕೊಂಡು.
ಪ್ರೀತಿಯಿಂದಲೇ ಬಂದಿದ್ರು, ಬೈಯೋಕೂ ಬಾಯಿ ಬರಲಿಲ್ಲ.
ಒಬ್ಬಾಕೆ ಬಾಳೆಹಣ್ಣು ತಂದಿದ್ದಳು, ಅದು ತಿನ್ನೋದು ಹುಳಹುಪ್ಪಟೆ.
ಒಬ್ಬ ಕೊಂಬೆ ಅಲ್ಲಾಡಿಸಿ, ಇಲ್ಲಿ ನೋಡು ಪುಟ್ಟ, ಅಂದ.
ಆ ಕಣ್ಣು ಇರೋದೇ ಕತ್ತಲು ಕುಡಿಯೋಕೆ.
ಬೆಳಕು ಸುರಿದ್ರು. ಕೈಯಲ್ಲಿ ಮುಖ ಮುಚ್ಕೊಳ್ತು.
ನೋಡಿ ಎಷ್ಟು ನಾಚಿಕೆ, ಅಂತ ಬರೆದ್ರು,
ಕೆಳಗೆ ಸಾವಿರ ಕೆಂಪು ಹೃದಯ.

ದಾಕ್ಷಾಯಿಣಿ ಅಳಿಸಿದಳು.
ಅಳಿಸಿದ್ದು ಹೋಗೋದಾದರೂ ಎಲ್ಲಿಗೆ?
ಇನ್ಯಾರದೋ ಪಿಟೀಲಿಗೆ ಈಗಲೂ ಓಡ್ತಾ ಐತೆ.

ನಿನ್ನೆ ರಾತ್ರಿ ಎಂಟೂವರೆ. ಏಳನೇ ಕಂಬ, ಬರೀ ತಂತಿ.
ತಾಯಿ, ಹೊಟ್ಟೆಗೆ ಅಂಟಿಕೊಂಡ ಮರಿ,
ಹುಣಸೆಯ ಕೊನೇ ಕೊಂಬೆಗೆ ಬಂದು ಯೋಚಿಸ್ತಿತ್ತು.
ಕೈ ಜೇಬಿಗೆ ಹೋಯ್ತು, ಅಭ್ಯಾಸ.
ಫೋನು ಆಚೆ ಬಂತು.
ಸ್ಟೇಷನ್ನಿಗೆ ಮಾಡಿದೆ:
ನಾನು ಪಾತಲಿಂಗಪ್ಪ. ಹೆಬ್ಬೂರು ಲೈನ್ ತೆಗಿ, ಹತ್ತು ನಿಮಿಷ.

ಊರು ಆರಿತು.
ಕೈಯಲ್ಲಿ ಫೋನು ಬಡ್ಕೊಳ್ಳೋಕೆ ಶುರು.
ಧಾರಾವಾಹಿ ನಿಂತೋರು, ವೈಫೈ ಹೋದೋರು,
ಗ್ರೂಪಿನಲ್ಲಿ ನನ್ನ ವಂಶ ವಿಚಾರಿಸ್ಕೊಳ್ಳೋರು.
ಮೇಲೆ ಒಂದು ಕೈ ತಂತಿ ಮುಟ್ಟಿತು.
ಹಿಡಿಯಿತು.
ಯೋಚಿಸಿತು.

ಯಾಕಣ್ಣ ತೆಗೆದ್ರಿ, ಅಂದ ಗಿರಣಿಯವನು.
ಲೈನ್ ಮೇಲೆ ಕೆಲಸ ಐತೆ, ಅಂದೆ.